ಅರಗು ಬಳಿದ ಕೋಲು

“ಗುರುಗಳೇ, ಕೈ ಎತ್ತಿ ಆರಿಸಿದವರೇ ಈಗ ಕೈ ಹಿಡಿದು ಇಳಿಸುತ್ತೇವೆ ಅಂದರೆ, ಅದು ನ್ಯಾಯವೇ?” ಎಂದು ಸಂಕಪ್ಪ ಕೇಳಿದ.

ಗುರು ಹಾಲಯ್ಯನವರು ಜಗಲಿಯ ಮುಂದಿನ ಚಪ್ಪರದ ಕೆಳಗೆ ಕೂತು ಹೀರೇಕಾಯಿ ಹೆರೆಯುತ್ತಿದ್ದರು. ಸಂಕಪ್ಪ ಅಕ್ಷರ ಕಲಿತದ್ದು ಇದೇ ಜಗಲಿಯಲ್ಲಿ. ಈಗ ಅವನು ಊರ ಕಾವಲುಗಾರ. ಜಗಳ ಬಿಡಿಸುವುದು, ಕಳ್ಳರನ್ನು ಹಿಡಿಯುವುದು, ತಪ್ಪು ಮಾಡಿದವರನ್ನು ಚಾವಡಿಯ ಕೋಣೆಯಲ್ಲಿ ಕೂರಿಸುವುದು ಅವನ ಕೆಲಸ. ಎರಡು ವರ್ಷದ ಕೆಳಗೆ ಊರಿನವರೆಲ್ಲ ಚಾವಡಿಯಲ್ಲಿ ಸೇರಿ ಅವನನ್ನು ಐದು ವರ್ಷಕ್ಕೆ ಆರಿಸಿದ್ದರು. ಅವನನ್ನು ಇಳಿಸಲು ನಾಳೆ ಅದೇ ಚಾವಡಿಯಲ್ಲಿ ಸಭೆ ಕರೆದಿದ್ದರು.

“ಅಂಥಾದ್ದೇನು ಮಾಡಿದೆಯಪ್ಪಾ?” ಎಂದರು ಹಾಲಯ್ಯನವರು.

“ಏನೂ ಇಲ್ಲ. ಗಾಡಿ ಹೊಡೆಯುವವನೊಬ್ಬ ಎದುರು ಮಾತಾಡಿದ. ನಾಲ್ಕು ದಿನ ಕೋಣೆಯಲ್ಲಿ ಕೂರಿಸಿದೆ.”

“ಏನಂದ?”

ಸಂಕಪ್ಪ ನೆಲ ನೋಡಿದ. “ದಾರಿಯ ನಡುವೆ ನಿಲ್ಲಬೇಡಿ ಯಜಮಾನರೇ, ಎತ್ತಿಗೆ ನಿಮ್ಮ ಹುದ್ದೆ ಗೊತ್ತಿಲ್ಲ ಅಂದ.”

ಹಾಲಯ್ಯನವರು ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದರು. ಒಳಗಿದ್ದ ಅವರ ಹೆಂಡತಿ ಶಿವಗಂಗಮ್ಮನವರು ಅಷ್ಟು ದಾಕ್ಷಿಣ್ಯವನ್ನೂ ತೋರಿಸಲಿಲ್ಲ. ಅವರು ನಕ್ಕದ್ದು ಜಗಲಿಗೆ ಕೇಳಿಸಿತು.

“ನೀವು ನಗುತ್ತೀರಿ ಅಮ್ಮಾ,” ಎಂದ ಸಂಕಪ್ಪ ಒಳಗಿನ ಕಡೆ ತಿರುಗಿ. “ಅಷ್ಟಕ್ಕೇ ನೂರಾ ಹನ್ನೆರಡು ಜನ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದಾರೆ. ರುಜು ಹಾಕಲು ಬರುವವರೂ ಹೆಬ್ಬೆಟ್ಟನ್ನೇ ಒತ್ತಿದ್ದಾರೆ. ಸಿಟ್ಟು ಬೆರಳಿಗೆ ಇಳಿದರೆ ತಡೆಯುವುದಿಲ್ಲವಂತೆ.”

“ನಾಳೆ ಏನು ಮಾಡಬೇಕೆಂದಿದ್ದೀಯ?” ಎಂದರು ಹಾಲಯ್ಯನವರು.

ಸಂಕಪ್ಪ ಸೊಂಟ ಮುಟ್ಟಿಕೊಂಡ. ಅವನ ಉಡಿದಾರಕ್ಕೆ ಚಾವಡಿಯ ಬೀಗದಕೈ ಗಂಟು ಹಾಕಿತ್ತು.

“ಸಭೆ ಚಾವಡಿಯ ಒಳಗೇ ನಡೆಯಬೇಕು ಅಂತ ಕಟ್ಟಳೆ. ಹೊರಗೆ ನಡೆದರೆ ಊರ್ಜಿತವಿಲ್ಲ. ನಾಳೆ ನಾನು ಅತ್ತೆಯ ಮನೆಗೆ ಹೋಗಿರುತ್ತೇನೆ. ಬೀಗದಕೈ ನನ್ನ ಜೊತೆ ಬಂದಿರುತ್ತದೆ. ಇದರಲ್ಲಿ ತಪ್ಪೇನು? ನಾನು ಯಾರಿಗೂ ಬೇಡ ಅನ್ನಲಿಲ್ಲವಲ್ಲ!”

ಹಾಲಯ್ಯನವರು ಕೈಯಲ್ಲಿದ್ದ ಹೀರೇಕಾಯಿಯನ್ನು ಕೆಳಗಿಟ್ಟರು.

ಅವರಿಗೆ ಕತೆ ಹೇಳುವ ಚಾಳಿ ಇತ್ತು, ಕೊಚ್ಚಿಕೊಳ್ಳುವ ಚಾಳಿಯೂ ಇತ್ತು. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂದು ಶಿಷ್ಯರಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಅವರು ಈ ಊರಿಗೆ ಬಂದು ಮೂವತ್ತು ವರ್ಷವಾಗಿತ್ತು. ಎಲ್ಲಿಂದ ಬಂದಿರಿ ಎಂದು ಕೇಳಿದರೆ ಸಲಕ್ಕೊಂದು ಊರು ಹೇಳುತ್ತಿದ್ದರು. ಅವರ ಬಲ ಅಂಗೈಯಲ್ಲಿ ಒಂದು ಗೆರೆಯೂ ಇರಲಿಲ್ಲ. ಅದು ಉಜ್ಜಿದ ಹಲಗೆಯಂತೆ ನುಣುಪಾಗಿತ್ತು. ಯಾಕೆ ಎಂದರೆ, ಓಡುವ ಹುಲಿಯ ಬಾಲ ಹಿಡಿದು ನಿಲ್ಲಿಸುವಾಗ ಸವೆದುಹೋಯಿತು ಎನ್ನುತ್ತಿದ್ದರು. ಇನ್ನೊಂದು ದಿನ ಕೇಳಿದರೆ, ತಮ್ಮ ಭವಿಷ್ಯ ನೋಡಿದ ಜೋಯಿಸ ಬೆರಗಾಗಿ ಗೆರೆಗಳನ್ನೇ ಕಿತ್ತುಕೊಂಡು ಹೋದ ಎನ್ನುತ್ತಿದ್ದರು.

“ಒಂದು ಕತೆ ಹೇಳುತ್ತೇನೆ, ಕೇಳು,” ಎಂದರು. “ಒಂದೊಂದು ಮಾತೂ ನಿಜ. ಎಳ್ಳಷ್ಟು ಸುಳ್ಳಿದ್ದರೂ ಈ ಹೀರೇಬಳ್ಳಿಯಲ್ಲಿ ಕುಂಬಳಕಾಯಿ ಬಿಟ್ಟು ನನ್ನ ತಲೆಯ ಮೇಲೆ ಬೀಳಲಿ.”

“ಹಾಗಾದರೆ ಚಪ್ಪರ ಬಿಟ್ಟು ಸ್ವಲ್ಪ ಆಚೆ ಕೂತು ಹೇಳಿ,” ಎಂದು ಒಳಗಿನಿಂದ ಶಿವಗಂಗಮ್ಮನವರ ದನಿ ಬಂತು.

ಹಾಲಯ್ಯನವರು ಕದಲಲಿಲ್ಲ. ಶುರುಮಾಡಿದರು.

ಒಂದು ಊರು. ಮುನ್ನೂರು ಮನೆ. ಆ ಊರಿಗೂ ಒಬ್ಬ ಕಾವಲುಗಾರ ಇದ್ದ. ಅವನ ಕೈಗೆ ಒಂದು ಕೋಲು. ಕೋಲು ಕೊಡುವವರು ಊರಿನವರು.

ಕಟ್ಟಳೆ ಹೀಗಿತ್ತು. ಆರಿಸುವ ದಿನ ಮನೆಗೊಬ್ಬರು ಬರಬೇಕು. ತಮ್ಮ ಮನೆಯ ಹಳೆಯ ಸೀರೆಯಿಂದಲೋ ಪಂಚೆಯಿಂದಲೋ ಒಂದು ಚಿಂದಿ ಹರಿದು ಕೋಲಿಗೆ ಗಂಟು ಹಾಕಬೇಕು. ಗಂಟು ಹಾಕಿದರೆ, ನಿನ್ನನ್ನು ನಂಬಿದ್ದೇನೆ ಅಂತ ಅರ್ಥ. ಆಮೇಲೆ ಯಾರಿಗಾದರೂ ನಂಬಿಕೆ ಹೋದರೆ ಅವರು ಕೂಗಾಡಬೇಕಿಲ್ಲ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಕೋಲನ್ನು ಬೇವಿನ ಕಟ್ಟೆಯ ಮೇಲೆ ನಿಲ್ಲಿಸುತ್ತಿದ್ದರು. ಕಾವಲುಗಾರ ಒಂದು ಕೂಗಳತೆ ದೂರ ಹೋಗಿ ಕೂರಬೇಕು. ಬೇಕಾದವರು ಬಂದು ತಮ್ಮ ಗಂಟು ಬಿಚ್ಚಿಕೊಂಡು ಹೋಗಬಹುದು. ತಮ್ಮದನ್ನು ಮಾತ್ರ. ಕತ್ತರಿಸುವಂತಿಲ್ಲ. ಇನ್ನೊಬ್ಬರ ಗಂಟು ಮುಟ್ಟುವಂತಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಹಿರಿಯರು ಉಳಿದ ಗಂಟುಗಳನ್ನು ಎಣಿಸುತ್ತಿದ್ದರು. ಅರ್ಧಕ್ಕಿಂತ ಕಡಿಮೆಯಾದರೆ, ಕಾವಲುಗಾರ ತನ್ನ ಕೈಯಾರೆ ಕೋಲನ್ನು ಎತ್ತಿ ಊರ ಮುಂದೆ ಕಟ್ಟೆಯ ಮೇಲೆ ಅಡ್ಡ ಮಲಗಿಸಬೇಕು. ಅಲ್ಲಿಗೆ ಮುಗಿಯಿತು. ಮನೆಗೆ ಹೋಗಿ ಊಟ ಮಾಡಬಹುದು.

ಆ ಊರಿನವರು ಒಬ್ಬನನ್ನು ಆರಿಸಿದರು. ಅಂಥ ಕಾವಲುಗಾರ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಕೆಮ್ಮಿದರೆ ಪಕ್ಕದೂರಿನ ಕಳ್ಳ ಕದ್ದ ಚೊಂಬನ್ನು ವಾಪಸ್ ತಂದಿಡುತ್ತಿದ್ದ, ಅದೂ ಬೆಳಗಿ. ಅವನ ಮೀಸೆ ಕಂಡರೆ ಬೆಕ್ಕುಗಳು ಹಾಲಿನ ಪಾತ್ರೆಗೆ ತಾವೇ ಮುಚ್ಚಳ ಮುಚ್ಚುತ್ತಿದ್ದವು. ಒಣಹಾಕಿದ ಸಂಡಿಗೆಗೆ ಬಾಯಿ ಹಾಕುವ ಮೊದಲು ಕಾಗೆ ಅವನ ಕಡೆ ನೋಡಿ ಅಪ್ಪಣೆ ಕೇಳುತ್ತಿತ್ತು.

“ಕಾಗೆಯೇ?” ಎಂದ ಸಂಕಪ್ಪ.

“ಕಾಗೆಯೇ. ಒಂದು ಸಲ ಕೇಳಿದರೆ ಸಾಲದು ಅಂತ ಎರಡು ಸಲ ಕೇಳುತ್ತಿತ್ತು.”

ಇವೆಲ್ಲಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಆ ಕಾವಲುಗಾರ ದಾರಿಯಲ್ಲಿ ಯಾರು ಎದುರಾದರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ತಲೆಹೊರೆಯವಳು ಬಂದರೆ ಸರಿಯುತ್ತಿದ್ದ. ಕುಂಟ ಕತ್ತೆ ಬಂದರೂ ಸರಿಯುತ್ತಿದ್ದ.

ಒಂದು ವರ್ಷ ಒಂದು ಗಂಟೂ ಕಡಿಮೆಯಾಗಲಿಲ್ಲ. ಎರಡನೆಯ ವರ್ಷ ಒಂದು ಅಮಾವಾಸ್ಯೆಯ ದಿನ ಎಣಿಸಿದಾಗ ಎರಡು ಕಡಿಮೆಯಿತ್ತು. ಯಾರು ಬಿಚ್ಚಿದರೋ, ಯಾಕೆ ಬಿಚ್ಚಿದರೋ, ಕೇಳುವ ಪದ್ಧತಿ ಇರಲಿಲ್ಲ. ಊರಿನವರು ಅದನ್ನು ಅವತ್ತೇ ಮರೆತರು. ಕಾವಲುಗಾರ ಮರೆಯಲಿಲ್ಲ. ಉಳಿದ ಇನ್ನೂರ ತೊಂಬತ್ತೆಂಟು ಗಂಟು ಅವನ ಕಣ್ಣಿಗೆ ಕಾಣಲಿಲ್ಲ. ಹೋದ ಎರಡೂ ಅವನ ಗಂಟಲಲ್ಲಿ ಸಿಕ್ಕಿಕೊಂಡವು.

ಅವನು ಕೋಲನ್ನು ಅರಗಿನ ಬಳೆ ಮಾಡುವವನ ಹತ್ತಿರ ತೆಗೆದುಕೊಂಡು ಹೋದ.

“ನೋಡು, ಊರಿನವರು ಪ್ರೀತಿಯಿಂದ ಕಟ್ಟಿದ್ದು ಮಳೆಗೆ ನೆನೆಯುತ್ತದೆ, ಬಿಸಿಲಿಗೆ ಬಣ್ಣಗೆಡುತ್ತದೆ. ಗುಬ್ಬಿಗಳು ಗೂಡಿಗೆ ಎಳೆದುಕೊಂಡು ಹೋಗುತ್ತವೆ. ಇದರ ಮೇಲೆ ಚೆನ್ನಾಗಿ ಅರಗು ಬಳಿದುಕೊಡು,” ಎಂದ.

ಬಳೆಗಾರ ಕೋಲನ್ನು ತಿರುಗಿಸಿ ನೋಡಿದ. “ಬಳಿಯಬಹುದು. ಆದರೆ ಅರಗಿನ ಕೆಳಗೆ ಹೋದ ಗಂಟು ಬಿಚ್ಚಲು ಬರುವುದಿಲ್ಲ.”

“ಪ್ರೀತಿಯಿಂದ ಕಟ್ಟಿದ್ದನ್ನು ಯಾರಾದರೂ ಬಿಚ್ಚುತ್ತಾರೆಯೇ?”

“ಅದೂ ನಿಜ,” ಎಂದ ಬಳೆಗಾರ. ಕೆಂಪು ಹಾಕಲೋ ಹಳದಿ ಹಾಕಲೋ ಎಂಬುದೇ ಅವನ ಚಿಂತೆಯಾಗಿತ್ತು. ಕೊನೆಗೆ ಕೆಂಪು ಹಾಕಿದ.

ಕೋಲು ಹೊಳೆಯಿತು. ಊರು ಹಿಗ್ಗಿತು. ಹೆಂಗಸರು ಅದರಲ್ಲಿ ಮುಖ ನೋಡಿ ಕುಂಕುಮ ತಿದ್ದಿಕೊಂಡರು. ಪಕ್ಕದೂರಿನವರು ಬಂದು ನೋಡಿ ಹೊಟ್ಟೆಕಿಚ್ಚುಪಟ್ಟರು. ಇದನ್ನು ಬಿಚ್ಚುವುದು ಹೇಗೆ ಎಂದು ಒಂದು ಮನೆಯವರೂ ಕೇಳಲಿಲ್ಲ. ಬಿಚ್ಚಬೇಕು ಎಂದು ಆಗ ಯಾರಿಗೂ ಅನಿಸಿರಲಿಲ್ಲ. ತಾನು ಸುಖವಾಗಿ ಕೂತ ಮನೆಗೆ ಬಾಗಿಲು ಎಲ್ಲಿದೆ ಎಂದು ಯಾರು ಹುಡುಕುತ್ತಾರೆ?

ಅವತ್ತಿನಿಂದ ಕಾವಲುಗಾರನ ನಡಿಗೆ ಬದಲಾಯಿತು. ನೇರ ನಡೆಯತೊಡಗಿದ. ಎದುರಿಗೆ ಬಂದವರು ಸರಿಯತೊಡಗಿದರು. ಮೊದಮೊದಲು ಮನುಷ್ಯರು ಸರಿದರು. ಆಮೇಲೆ ಕತ್ತೆಯೂ ಸರಿಯಿತು. ಒಂದು ಸಲ ಹಳ್ಳಕ್ಕೆ ಎದುರಾಗಿ ಹೋಗಿ, ಅದು ಸರಿಯಲಿಲ್ಲ ಎಂದು ಸಿಟ್ಟಾಗಿ ಒದ್ದೆ ಪಂಚೆಯಲ್ಲಿ ಮನೆಗೆ ಬಂದ.

ಸಂತೆಯ ಬೀದಿಯಲ್ಲಿ ಒಬ್ಬಳು ಮಜ್ಜಿಗೆ ಮಾರುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಮುಂದೆ ಇಪ್ಪತ್ತು ಜನ ಬಾಯಾರಿ ನಿಂತಿದ್ದರು. ಕಾವಲುಗಾರ ಅದೇ ದಾರಿಯಲ್ಲಿ ಬಂದ.

“ದಾರಿ,” ಎಂದ.

“ಬಾಯಾರಿದವರು ಅಣ್ಣಾ, ಸುತ್ತಿ ಹೋಗಿ. ಸುತ್ತಿದರೆ ನಾಲ್ಕು ಹೆಜ್ಜೆ ಜಾಸ್ತಿ, ಅಷ್ಟೆ,” ಎಂದಳು ಅವಳು.

ಕಾವಲುಗಾರ ನೇರ ನಡೆದ. ಮಡಕೆ ಒಡೆಯಿತು. ಅವತ್ತು ಊರಿನ ನಾಯಿಗಳೆಲ್ಲ ಒಗ್ಗರಣೆಯ ಮಜ್ಜಿಗೆ ಕುಡಿದವು.

“ಕೋಲು ತಗುಲಿತು,” ಎಂದ.

“ಕೋಲಿಗೆ ಕಣ್ಣಿಲ್ಲ ಅಣ್ಣಾ. ಹಿಡಿದವರಿಗೂ ಇಲ್ಲವೇ?” ಎಂದಳು.

ಈ ಮಾತಿಗೆ ಅವಳನ್ನು ಮೂರು ದಿನ ಕೋಣೆಯಲ್ಲಿ ಕೂರಿಸಿದ. ಮೂರು ದಿನ ಊರಿನಲ್ಲಿ ಮಜ್ಜಿಗೆ ಇಲ್ಲ. ಊರಿಗೆ ಊರೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಓಡಾಡಿತು.

ಸಂಕಪ್ಪ ಕೂತಲ್ಲೇ ಸ್ವಲ್ಪ ಸರಿದು ಕೂತ. ಹಾಲಯ್ಯನವರು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಅಮಾವಾಸ್ಯೆ ಬಂತು. ಮಜ್ಜಿಗೆಯವಳು ಬೆಳಿಗ್ಗೆಯೇ ಕಟ್ಟೆಗೆ ಬಂದಳು. ತನ್ನ ಗಂಟು ಬಿಚ್ಚಲು ನೋಡಿದಳು. ಉಗುರು ಜಾರಿತು. ಹಿಂದೆ ಇನ್ನೊಬ್ಬ ಬಂದ. ಅವನ ಉಗುರೂ ಜಾರಿತು. ಮತ್ತೊಬ್ಬ ಹಲ್ಲು ಹಾಕಿದ. ಅವನಿಗೆ ಇದ್ದದ್ದೇ ಎರಡು ಹಲ್ಲು, ಅದರಲ್ಲಿ ಒಂದು ಕೋಲಿನಲ್ಲಿ ಉಳಿಯಿತು. ನೂರಾರು ಜನ ಬಂದರು, ಕೆರೆದರು, ಬೆರಳು ಊದಿಕೊಂಡು ಹೋದರು.

ಹೊತ್ತು ನೆತ್ತಿಗೆ ಬಂತು. ಹಿರಿಯರು ಎಣಿಸಿದರು. ಅರಗಿನ ಕೆಳಗೆ ಗಂಟುಗಳು ಉಬ್ಬಿಕೊಂಡು ಕಾಣುತ್ತಿದ್ದವು. ಇನ್ನೂರ ತೊಂಬತ್ತೆಂಟು.

ಕಾವಲುಗಾರ ಬಂದು ಕೋಲು ತೆಗೆದುಕೊಂಡ. “ಒಂದಾದರೂ ಬಿಚ್ಚಿದೆಯೇ ನೋಡಿ! ಊರಿಗೆ ನನ್ನ ಮೇಲೆ ಎಂಥ ನಂಬಿಕೆ!” ಎಂದ. ಅವನ ಕಣ್ಣಲ್ಲಿ ನೀರು ಬಂತು. ನಾಟಕದ ನೀರಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನಿಸಿತ್ತು.

“ಅವನು ಹೇಳಿದ್ದರಲ್ಲಿ ತಪ್ಪೇನು ಗುರುಗಳೇ? ಕಟ್ಟಳೆಯ ಪ್ರಕಾರ ಒಂದೂ ಬಿಚ್ಚಿರಲಿಲ್ಲವಲ್ಲ,” ಎಂದ ಸಂಕಪ್ಪ.

ಹಾಲಯ್ಯನವರು ಅವನ ಸೊಂಟದ ಕಡೆ ಒಮ್ಮೆ ನೋಡಿದರು. ಕತೆಗೆ ವಾಪಸ್ ಬಂದರು.

ಊರಿನವರು ಮಜ್ಜಿಗೆಯವಳ ಅಂಗಳದಲ್ಲಿ ಸೇರಿದರು. ಕಮ್ಮಾರ ಎದ್ದುನಿಂತ. “ಮಾತು ಯಾಕೆ? ಮುಂದಿನ ಅಮಾವಾಸ್ಯೆಗೆ ಕೋಲನ್ನು ನನ್ನ ಕುಲುಮೆಗೆ ಹಾಕುತ್ತೇನೆ. ಗಳಿಗೆಯಲ್ಲಿ ಬೂದಿ,” ಎಂದ. ಎಲ್ಲರೂ ಭಲೆ ಎಂದರು.

ಮಜ್ಜಿಗೆಯವಳು ಒಪ್ಪಲಿಲ್ಲ. “ಕೋಲು ಅವನದಲ್ಲ, ನಮ್ಮದು. ಅವನೇ ಇರಲಿ ಅನ್ನುವವರ ಗಂಟೂ ಅದರಲ್ಲಿದೆ. ಅವರದನ್ನು ಸುಡಲು ನಾನು ಯಾರು, ನೀನು ಯಾರು? ಹಾಗೆ ಸುಟ್ಟರೆ ನಾವೂ ನೇರ ನಡೆದಂತಾಯಿತು,” ಎಂದಳು.

“ಮತ್ತೆ ಬಿಚ್ಚುವುದು ಹೇಗಮ್ಮಾ?”

ಅವಳು ತನ್ನ ಕೈಬಳೆ ಮುಂದೆ ಹಿಡಿದಳು. “ಇದೂ ಅರಗೇ. ಬಿಸಿನೀರಲ್ಲಿ ಮಡಕೆ ತೊಳೆಯುವಾಗ ಇದು ಮೆತ್ತಗಾಗುತ್ತದೆ. ಮಡಕೆ ತೊಳೆದವರಿಗೆ ಮಾತ್ರ ಇದು ಗೊತ್ತು. ನಿಮಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.”

ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಎಲ್ಲ ಮನೆಗಳ ಒಲೆಯೂ ಉರಿಯಿತು. ಚೊಂಬು, ತಪ್ಪಲೆ, ಹಂಡೆ, ಯಾರಿಗೆ ಏನು ಸಿಕ್ಕಿತೋ ಅದರಲ್ಲಿ ಕುದಿನೀರು ಹೊತ್ತು ಊರು ಸಾಲಾಗಿ ಬಂತು. ಅವತ್ತು ಊರಿನಲ್ಲಿ ಯಾರೂ ಸ್ನಾನ ಮಾಡಲಿಲ್ಲ. ಮಾರನೆಯ ದಿನ ದೇವಸ್ಥಾನದಲ್ಲಿ ದೇವರೇ ಮೂಗು ಮುಚ್ಚಿಕೊಂಡ. ಬೇಕಾದರೆ ಹೋಗಿ ನೋಡು, ಇನ್ನೂ ಕೈ ತೆಗೆದಿಲ್ಲ.

ಒಬ್ಬೊಬ್ಬರೇ ನೀರು ಹುಯ್ದರು. ಅರಗು ಬೆವರಿತು, ಮೆತ್ತಗಾಯಿತು, ಇಳಿಯಿತು. ಕೆಂಪು ನೀರು ಹಳ್ಳ ಸೇರಿ ಕೆಳಗಿನ ಊರಿನ ಎಮ್ಮೆಗಳೆಲ್ಲ ಕೆಂಪಾದವು. ಯಾವುದು ಯಾರದೆಂದು ಗೊತ್ತಾಗದೆ ಒಂದು ವಾರ ಪಂಚಾಯಿತಿ ನಡೆಯಿತು. ಚಿಂದಿಗಳು ಮೇಲೆ ಬಂದವು. ತನ್ನ ಮನೆಯ ಸೀರೆಯ ಅಂಚು ಯಾರಿಗೆ ಗುರುತು ಸಿಕ್ಕುವುದಿಲ್ಲ? ಯಾರೂ ಕತ್ತರಿಸಲಿಲ್ಲ. ಯಾರೂ ಇನ್ನೊಬ್ಬರದ್ದನ್ನು ಮುಟ್ಟಲಿಲ್ಲ.

ಕಾವಲುಗಾರ ಕಟ್ಟಳೆಯಂತೆ ಕೂಗಳತೆ ದೂರದ ದಿಬ್ಬದ ಮೇಲೆ ಕೂತಿದ್ದ. ಅಲ್ಲಿಂದ ಸಾಲು ಕಾಣಿಸಿತು, ಚೊಂಬು ಎತ್ತಿ ಹುಯ್ಯುವುದು ಕಾಣಿಸಿತು. ಕೋಲಿಗೆ ಅಭಿಷೇಕ ಮಾಡುತ್ತಿದ್ದಾರೆ ಅಂದುಕೊಂಡ. ಸಾಲಿನಲ್ಲಿ ಅವನ ಹೆಂಡತಿಯೂ ಹಂಡೆ ಹೊತ್ತು ನಿಂತಿದ್ದಳು. ಅದು ಅವನ ಸ್ನಾನಕ್ಕೆ ಕಾಯಿಸಿದ ನೀರು. ಅವನು ಮೀಸೆ ತಿರುವಿದ. ಸಾಲದು ಎಂದು ಇನ್ನೊಂದು ಕಡೆಯದನ್ನೂ ತಿರುವಿದ.

ಹೊತ್ತು ನೆತ್ತಿಗೆ ಬಂತು. ಕಾವಲುಗಾರ ಪ್ರಸಾದಕ್ಕೆ ಕೈ ಒಡ್ಡುವವನಂತೆ ಬಂದ. ಹಿರಿಯರು ಎಣಿಸಿದರು. ಉಳಿದದ್ದು ಅರವತ್ತೊಂದು. ಆ ಅರವತ್ತೊಂದು ಮನೆಯವರೂ ಬಂದಿದ್ದರು, ನೀರು ಹುಯ್ದಿದ್ದರು, ತಮ್ಮ ಗಂಟು ನೋಡಿ ಇರಲಿ ಎಂದು ಬಿಟ್ಟಿದ್ದರು. ಅವರನ್ನು ಯಾರೂ ಒಂದು ಮಾತು ಅನ್ನಲಿಲ್ಲ.

ಕಾವಲುಗಾರ ತನ್ನ ಮನೆಯ ಗಂಟು ಹುಡುಕಿದ. ಇರಲಿಲ್ಲ. ಹೆಂಡತಿಯ ಕಡೆ ತಿರುಗಿದ.

“ನೀನೂನಾ?”

“ನಾನು ಕಟ್ಟಿಕೊಂಡದ್ದು ನಿಮ್ಮನ್ನು. ಬಹಳ ದಿನದಿಂದ ಮನೆಗೆ ಬರುತ್ತಿರುವುದು ಕೋಲು,” ಎಂದಳು ಅವಳು.

ಕಾವಲುಗಾರ ಒಂದು ಗಳಿಗೆ ನಿಂತ. ಆಮೇಲೆ ಕೋಲನ್ನು ಎತ್ತಿದ. ಊರಿಗೆಲ್ಲ ತಲೆಬಾಗಿದ. ಹೂವು ಇಟ್ಟಂತೆ ಅದನ್ನು ಕಟ್ಟೆಯ ಮೇಲೆ ಅಡ್ಡ ಮಲಗಿಸಿದ. ಒಂದು ಮಾತಿಲ್ಲ, ಒಂದು ನಿಟ್ಟುಸಿರಿಲ್ಲ. ಮಜ್ಜಿಗೆಯವಳು ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಅವನು ಕುಡಿದ, ಪಕ್ಕಕ್ಕೆ ಸರಿದು ಎಲ್ಲರಿಗೂ ದಾರಿ ಬಿಟ್ಟ. ಏರುವಾಗ ಇದ್ದದ್ದಕ್ಕಿಂತ ಇಳಿಯುವಾಗ ಒಂದು ಮೊಳ ಎತ್ತರ ಕಂಡ ಎಂದು ಊರೇ ಹೇಳಿತು. ಮಾರನೆಯ ದಿನ ಅದೇ ಕೋಲಿಗೆ ಹೊಸ ಚಿಂದಿ ಕಟ್ಟಿ ಇನ್ನೊಬ್ಬನನ್ನು ಆರಿಸಿದರು. ಅರಗು ಬಳಿಯಲಿಲ್ಲ.

ಹಾಲಯ್ಯನವರು ಕತೆ ನಿಲ್ಲಿಸಿ ಮತ್ತೆ ಹೀರೇಕಾಯಿ ಎತ್ತಿಕೊಂಡರು.

ಸಂಕಪ್ಪ ತಲೆ ಅಲ್ಲಾಡಿಸಿದ. “ಕಾಗೆಯನ್ನು ನಂಬುತ್ತೇನೆ ಗುರುಗಳೇ. ಕೆಂಪು ಎಮ್ಮೆಯನ್ನೂ ನಂಬುತ್ತೇನೆ. ಇದನ್ನು ನಂಬುವುದಿಲ್ಲ. ಹಿಡಿದು ಅಭ್ಯಾಸವಾದ ಕೋಲನ್ನು ಯಾರಾದರೂ ಅಷ್ಟು ಸುಲಭವಾಗಿ ಕೆಳಗಿಡುತ್ತಾರೆಯೇ?”

“ಹೂವಿನಂತೆ ಇಟ್ಟ ಅಂದೆನಲ್ಲ.”

ಶಿವಗಂಗಮ್ಮನವರು ಎರಡು ಲೋಟ ಮಜ್ಜಿಗೆ ಹಿಡಿದು ಹೊರಗೆ ಬಂದರು. ಒಂದನ್ನು ಸಂಕಪ್ಪನ ಮುಂದೆ ಇಟ್ಟರು, ಒಂದನ್ನು ಗಂಡನ ಮುಂದೆ ಇಟ್ಟರು. ತಲೆ ಎತ್ತಿ ಚಪ್ಪರವನ್ನು ಒಂದು ಸಲ ನಿಧಾನವಾಗಿ ನೋಡಿದರು.

“ಯಾಕೋ ಕುಂಬಳಕಾಯಿ ಬಿಡುವ ಹಾಗೆ ಕಾಣುತ್ತದೆ,” ಎಂದರು.

ಹಾಲಯ್ಯನವರು ಮೇಲೆ ನೋಡಿದರು. ಚಪ್ಪರದಿಂದ ಸ್ವಲ್ಪ ಆಚೆ ಸರಿದು ಕೂತರು. ಆಮೇಲೆ ನಕ್ಕರು. ಬಲಗೈಯನ್ನು ಮುಂದೆ ಚಾಚಿ, ಗೆರೆಯಿಲ್ಲದ ಅಂಗೈಯನ್ನು ಸಂಕಪ್ಪನ ಮುಂದೆ ಬಿಡಿಸಿ ಹಿಡಿದರು.

“ತಾನಾಗಿ ಇಟ್ಟ ಅಂದದ್ದೊಂದು ಮಾತ್ರ ನಾನು ಸೇರಿಸಿದ್ದಪ್ಪ, ಕೊಡುವುದಿಲ್ಲ ಎಂದು ಬಿಗಿಯಾಗಿ ಹಿಡಿದೆ, ಅಳಿದುಳಿದ ಅರಗು ಇನ್ನೂ ಬಿಸಿಯಿತ್ತು, ಆಮೇಲೆ ಬಿಡುತ್ತೇನೆ ಅಂದರೂ ಕೋಲು ನನ್ನನ್ನು ಬಿಡಲಿಲ್ಲ, ಹಂಡೆಯಲ್ಲಿ ಉಳಿದ ಕುದಿನೀರನ್ನು ಇವಳು ನನ್ನ ಕೈಗೇ ಹುಯ್ಯಬೇಕಾಯಿತು.”

ಸಂಕಪ್ಪ ಆ ಅಂಗೈಯನ್ನೇ ನೋಡುತ್ತ, ಉಡಿದಾರದ ಗಂಟಿಗೆ ಬೆರಳು ಹಾಕಿದ.